ಐವತ್ತು ರೂಪಾಯಿಯ ತಪ್ಪು

ನಮ್ಮ ಕೆದಂಬಾಡಿ ಕಡೆ ತೋಟದ ಮನೆಯೆಂದರೆ ಅಂಗಳದಲ್ಲೊಂದು ನಾಯಿ ಇರಲೇಬೇಕು. ಹಂದಿ ಬಂದರೆ ಬೊಗಳಬೇಕಲ್ಲ! ಮೊದಲೆಲ್ಲ ನೆರೆಮನೆಯ ಮರಿಯನ್ನು ಬುಟ್ಟಿಯಲ್ಲಿ ತರುತ್ತಿದ್ದೆವು. ಈಗ ಮೊಬೈಲಿನಲ್ಲಿ ಫೋಟೊ ನೋಡಿ ದುಡ್ಡು ಕಳಿಸಿದರಾಯಿತು, ಮರಿ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಬರುತ್ತದೆ.

ಒಂದು ಬೆಳಿಗ್ಗೆ ಕುಂಬ್ರದಲ್ಲಿ ಅಂಥದೊಂದು ರಟ್ಟಿನ ಪೆಟ್ಟಿಗೆ ಇಳಿಯಿತು. ನಾಲ್ಕು ತೂತು, ಒದ್ದೆಯಾದ ಪೇಪರು, ಮೂಲೆಯಲ್ಲಿ ನಡುಗುವ ಮರಿ. ಘಾಟಿ ತಿರುವುಗಳುದ್ದಕ್ಕೂ ಅದಕ್ಕೆ ನೀರಿಲ್ಲ, ಬೆಳಕಿಲ್ಲ.

ಎಂಟು ವಾರ ತುಂಬದ ಮರಿಯನ್ನು ಮಾರಬಾರದು, ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು ಎನ್ನುತ್ತದೆ 2017ರ ನಿಯಮ. ಸರಿಯೇ. ಆದರೆ ಪ್ರಾಣಿಯನ್ನು ಹಿಂಸೆಯಾಗುವಂತೆ ಸಾಗಿಸಿದ ಮೊದಲ ತಪ್ಪಿಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಬರೆದಿಟ್ಟ ದಂಡ 10ರಿಂದ 50 ರೂಪಾಯಿ. ಭರತನಾಟ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟು ಹಿಡಿದದ್ದರಿಂದ ಹುಟ್ಟಿದ ಕಾಯ್ದೆ ಅದು. ಆಗ ಐವತ್ತು ರೂಪಾಯಿ ದೊಡ್ಡ ಮೊತ್ತವೇ. ಈಗ ಪುತ್ತೂರಿನಲ್ಲಿ ಇಬ್ಬರು ಚಹಾ ಕುಡಿದು ಬನ್ಸ್ ತಿಂದರೆ ಮುಗಿಯಿತು. ಸಾವಿರಗಟ್ಟಲೆ ಬೆಲೆಗೆ ಮರಿ ಮಾರುವವನಿಗೆ ಅದು ದಂಡವಲ್ಲ, ಸಾಗಾಟದ ಖರ್ಚು.

ಮಾರುವವನನ್ನಷ್ಟೇ ಬೈದರೆ ಸಾಲದು. ಹೆಣ್ಣುಮರಿಯೆಂದು ಗೋಣಿಯಲ್ಲಿ ಕಟ್ಟಿ ಪೇಟೆ ಬದಿ ಬಿಟ್ಟು ಬರುವವರೂ ನಮ್ಮವರೇ.

ನಾಯಿ ಬೇಕೆನಿಸಿದರೆ ಮೊದಲು ತಾಯಿನಾಯಿ ಇರುವ ಮನೆಗೆ ಹೋಗಿ ನೋಡಿ. ಪೆಟ್ಟಿಗೆಯಲ್ಲಿ ಕಳಿಸುತ್ತೇನೆ ಎಂದವರಿಗೆ ಬೇಡವೆನ್ನಿ.