ದಾರಿ ಕೇಳಿ ನಡೆಯುವ ಸ್ಕ್ರಿಪ್ಟ್



ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಅಂಚೆ ಕಚೇರಿ ಇದೆ. ಸಾಗರದ ದಾರಿ ಬಾಯಿಪಾಠ ಮಾಡಿ ತೀರ್ಥಹಳ್ಳಿಯಲ್ಲಿ ನಡೆದರೆ ಸಿಗುವುದೇ? ಲಿನಕ್ಸ್, ಯುನಿಕ್ಸ್ ಬಳಗದ ಕಂಪ್ಯೂಟರುಗಳೂ ಹಾಗೆಯೇ.

'ಬ್ಯಾಷ್' ಉಬುಂಟುವಿನಲ್ಲಿ '/ಬಿನ್' ಫೋಲ್ಡರಿನಲ್ಲಿ ಸಿಗುತ್ತದೆ. ಫ್ರೀಬಿಎಸ್‌ಡಿಯಲ್ಲಿ ಹಾಕಿಕೊಂಡರೆ '/ಯುಎಸ್‌ಆರ್/ಲೋಕಲ್/ಬಿನ್'ನಲ್ಲಿ. ಫೆಡೋರಾ 2012ರಲ್ಲಿ '/ಬಿನ್' ಅನ್ನು '/ಯುಎಸ್‌ಆರ್/ಬಿನ್'ಗೆ ಸೇರಿಸಿ, ಹಳೆಯ ವಿಳಾಸಕ್ಕೆ ಕೊಂಡಿ ಉಳಿಸಿತು.

ಆದ್ದರಿಂದ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ '#!/ಯುಎಸ್‌ಆರ್/ಬಿನ್/ಎನ್ವ್ ಬ್ಯಾಷ್' ಎಂದು ಬರೆಯಿರಿ. 'ಎನ್ವ್' ಬಹುತೇಕ ಎಲ್ಲೆಡೆ ಒಂದೇ ಜಾಗದಲ್ಲಿದೆ. ಅದು 'ಪಾತ್' ಪಟ್ಟಿ ನೋಡಿ ಬ್ಯಾಷನ್ನು ಹುಡುಕಿಕೊಡುತ್ತದೆ. ಬೇಕಾದ ಉಳಿದ ಸಲಕರಣೆಗಳು ಇವೆಯೇ ಎಂದು 'ಕಮಾಂಡ್ -ವಿ'ಯಿಂದ ಮೊದಲೇ ಕೇಳಿ. ಇಲ್ಲದಿದ್ದರೆ ಸ್ಪಷ್ಟ ಸೂಚನೆ ಕೊಟ್ಟು ನಿಲ್ಲಿಸಿ. ಅರ್ಧದಲ್ಲಿ ನಿಂತ ಸ್ಕ್ರಿಪ್ಟಿನಿಂದ ಇನ್ನೊಬ್ಬರ ದಾಖಲೆ ಕೆಡಬಹುದು.

ನಮ್ಮೂರಿನಲ್ಲಿ ಬರೆದದ್ದು ಬೇರೆ ಊರಿನಲ್ಲೂ ನಡೆಯಬೇಕು. ಕಲಿತದ್ದಕ್ಕೆ ಬೆಲೆ ಬರುವುದು ಆಗಲೇ.