ಶೇಕಡಾ ಎರಡರ ಮಾತು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಹೆಸರನ್ನು ಬಾಯಿಬಿಟ್ಟು ಹೇಳಲು ಸಂಕೋಚಪಡುವವರು ಅದನ್ನು ಶಾಂತಿಸಾಗರವೆಂದು ಕರೆಯುತ್ತಾರೆ. ನನಗೆ ಹಳೆಯ ಹೆಸರೇ ಪ್ರಿಯ. ಎರಡು ಗುಡ್ಡಗಳ ನಡುವೆ ಅಷ್ಟೇನೂ ಉದ್ದವಲ್ಲದ ಏರಿಯೊಂದನ್ನು ಹಾಕಿ ಹರಿದ್ರಾ ಹೊಳೆಯನ್ನು ತಡೆದು ನಿಲ್ಲಿಸಿದ ಆ ಜಲರಾಶಿಗೆ ಒಂದು ಸ್ಥಳಪುರಾಣವಿದೆ. ಅರಸನ ಮಗಳಾದ ಶಾಂತವ್ವೆ ಕೆರೆ ಕಟ್ಟಿಸಲು ಹೊರಟಾಗ, ಆರಿಸಿದ ನೆಲದಲ್ಲಿ ಸೂಳೆಯರ ಕೇರಿಯೊಂದಿತ್ತಂತೆ. ಕೆರೆಗೆ ತಮ್ಮ ಹೆಸರನ್ನಿಡುವುದಾದರೆ ಮಾತ್ರ ನೆಲ ಬಿಟ್ಟುಕೊಡುತ್ತೇವೆಂದು ಆ ಹೆಂಗಸರು ಹೇಳಿದರಂತೆ. ಅರಸುಮಗಳು ಒಪ್ಪಿದಳು, ಹೆಸರು ಉಳಿಯಿತು. ಈ ಕಥೆಯಲ್ಲಿ ನನ್ನ ಗಮನ ಸೆಳೆದಿರುವ ಅಂಶವೆಂದರೆ, ಷರತ್ತನ್ನು ಅವರು ನೆಲ ಕೊಡುವ ಮೊದಲೇ ಹೇಳಿದರು. ಕೆರೆ ತುಂಬಿದ ಮೇಲೆ ಹೇಳಲಿಲ್ಲ.

ಕಳೆದ ಕಾರ್ತಿಕದಲ್ಲಿ ನಾನೂ ನನ್ನ ಮನೆಯವರೂ ಮೊಮ್ಮಗಳಿಗೆ ಕೆರೆ ತೋರಿಸಿಕೊಂಡು ಹಿಂದಿರುಗುವಾಗ ದಾರಿಯ ಊರೊಂದರಲ್ಲಿ ಬಟ್ಟೆ ಅಂಗಡಿಗೆ ಹೋದೆವು. ಗಲ್ಲದ ಮೇಲೆ ಕುಳಿತಿದ್ದಾತ ನನ್ನ ಹಳೆಯ ವಿದ್ಯಾರ್ಥಿ. ಉಪಚಾರವೆಲ್ಲ ಆಯಿತು, 3,600 ರೂಪಾಯಿಯ ಸೀರೆಯೂ ಆಯ್ಕೆಯಾಯಿತು. ನಾನು ಕ್ರೆಡಿಟ್ ಕಾರ್ಡನ್ನು ಮುಂದಿಟ್ಟೆ. ಆತ ತಲೆ ತಗ್ಗಿಸಿ, "ಸಾರ್, ಕಾರ್ಡಿಗೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ" ಎಂದ. ಬಿಲ್ಲಿನಲ್ಲಿ 3,600, ಯಂತ್ರದಲ್ಲಿ 3,672. ಎಪ್ಪತ್ತೆರಡು ರೂಪಾಯಿ ದೊಡ್ಡದಲ್ಲ. ಆದರೆ ಬಿಲ್ಲಿನಲ್ಲಿಲ್ಲದ ಹಣವನ್ನು ಕೊಡುವುದು ನನಗೆ ಒಗ್ಗದು.

ಅದಕ್ಕೊಂದು ಕಾರಣವಿದೆ. ನಾನು ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದವನು. ನಮ್ಮ ತಂದೆಯವರು ಮಂಡಿಯಿಂದ ಹಿಂದಿರುಗಿದಾಗ ಆಡಿದ ಬೆಲೆ ಒಂದು, ಕೈಗೆ ಬಂದ ಹಣ ಇನ್ನೊಂದು ಆಗಿರುತ್ತಿತ್ತು. ಕರ್ನಾಟಕದ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆ 1966ರದು. ದಲ್ಲಾಳಿಯ ಕಮಿಷನ್ನನ್ನು ಬೆಳೆದವನ ತಲೆಗೆ ಕಟ್ಟಕೂಡದೆಂಬುದು ಅದರ ನಿಯಮ. ಆದರೂ ರೈತನಿಂದ ಕಮಿಷನ್ ಮುರಿದುಕೊಂಡರೆಂಬ ದೂರು ರಾಜ್ಯದ ಮಾರುಕಟ್ಟೆಗಳಲ್ಲಿ ಇಂದಿಗೂ ನಿಂತಿಲ್ಲ.

ನನ್ನ ಅಸಮಾಧಾನವನ್ನು ಕಂಡು ಶಿಷ್ಯ ಹೇಳಿದ: "ನಾನೇನು ಜೇಬಿಗೆ ಹಾಕ್ಕೊಳ್ಳಲ್ಲ ಸಾರ್. ಬ್ಯಾಂಕಿನೋರು ನನ್ನ ಹತ್ರ ಹಿಡ್ಕೊಂಡೇ ಕೊಡೋದು. ಕಾನೂನುಪ್ರಕಾರ ಹೆಂಗೆ ಮಾಡ್ಬೇಕು ನೀವೇ ಹೇಳಿ, ಬೋರ್ಡು ಬರೆಸ್ತೀನಿ." ಕನ್ನಡ ಎಂ.ಎ. ಮಾಡಿದವನಿಗೆ ಇಂಥ ಪ್ರಶ್ನೆ! ಎರಡು ವಾರ ಅದರ ಬೆನ್ನು ಹತ್ತಿದೆ.

ಶಿಷ್ಯನ ಮಾತು ಸುಳ್ಳಲ್ಲ. ಬ್ಯಾಂಕು ಶೇಕಡಾ ಎರಡನ್ನು ಹಿಡಿಯುವುದಾದರೆ 3,600ರಲ್ಲಿ 72 ರೂಪಾಯಿ ಹೋಯಿತು. ಆ ಶುಲ್ಕದ ಮೇಲೆ ನೂರಕ್ಕೆ ಹದಿನೆಂಟರಂತೆ ಜಿ.ಎಸ್.ಟಿ. ಸೇರಿ ಹತ್ತಿರ ಹತ್ತಿರ 85 ರೂಪಾಯಿ. ಇದರ ದೊಡ್ಡ ಪಾಲು ನನಗೆ ಕಾರ್ಡು ಕೊಟ್ಟ ಬ್ಯಾಂಕಿಗೆ ಸಲ್ಲುತ್ತದೆ. ಉಳಿದುದನ್ನು ಅಂಗಡಿಗೆ ಯಂತ್ರ ಕೊಟ್ಟ ಬ್ಯಾಂಕೂ ಕಾರ್ಡಿನ ಜಾಲವನ್ನು ನಡೆಸುವ ಸಂಸ್ಥೆಯೂ ಹಂಚಿಕೊಳ್ಳುತ್ತವೆ.

ಡೆಬಿಟ್ ಕಾರ್ಡಿನ ವಿಷಯ ಸ್ಪಷ್ಟವಾಗಿದೆ. ಅದರ ಮೇಲೆ ವ್ಯಾಪಾರಿ ಹೆಚ್ಚುವರಿ ಹಣ ಕೇಳುವುದು ಸಮರ್ಥನೀಯವಲ್ಲವೆಂದೂ ಅಂಥ ಅಂಗಡಿಯೊಡನೆ ಬ್ಯಾಂಕು ಸಂಬಂಧ ಕಡಿದುಕೊಳ್ಳಬೇಕೆಂದೂ ರಿಸರ್ವ್ ಬ್ಯಾಂಕು 2013ರಲ್ಲೇ ತಿಳಿಸಿತು. 2018ರ ಜನವರಿಯಿಂದ ಜಾರಿಗೆ ಬಂದ ಆದೇಶ, ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟುಳ್ಳ ಸಣ್ಣ ವ್ಯಾಪಾರಿಗಳ ಮೇಲಿನ ಡೆಬಿಟ್ ಶುಲ್ಕವನ್ನು ನೂರಕ್ಕೆ 40 ಪೈಸೆಗೂ ಇತರರದನ್ನು 90 ಪೈಸೆಗೂ ಮಿತಿಗೊಳಿಸಿ, ಅದನ್ನು ಗಿರಾಕಿಗೆ ದಾಟಿಸದಂತೆ ನೋಡಿಕೊಳ್ಳುವ ಹೊಣೆಯನ್ನು ಬ್ಯಾಂಕುಗಳಿಗೆ ವಹಿಸಿತು. 2020ರ ಜನವರಿಯಿಂದ ರುಪೇ ಡೆಬಿಟ್ ಕಾರ್ಡಿಗೂ ಯುಪಿಐ ಪಾವತಿಗೂ ಶುಲ್ಕವನ್ನೇ ತೆಗೆದುಹಾಕಲಾಯಿತು.

ತೊಡಕಿರುವುದು ಕ್ರೆಡಿಟ್ ಕಾರ್ಡಿನಲ್ಲಿ. ಡೆಬಿಟ್ ಕಾರ್ಡಿಗೆ ಹಾಕಿದಂಥ ಮಿತಿಯನ್ನು ರಿಸರ್ವ್ ಬ್ಯಾಂಕು ಇದಕ್ಕೆ ಹಾಕಲಿಲ್ಲ. ಇಲ್ಲಿ ವ್ಯಾಪಾರಿಯನ್ನು ಕಟ್ಟುವುದು ಯಂತ್ರ ಪಡೆಯುವಾಗ ತಾನೇ ಸಹಿ ಹಾಕಿದ ಒಪ್ಪಂದ. ಇಂಗ್ಲಿಷಿನಲ್ಲಿ, ಇರುವೆಗಾತ್ರದ ಅಕ್ಷರಗಳಲ್ಲಿ ಅಚ್ಚಾದ ಆ ಕಾಗದಗಳನ್ನು ಓದಿದ ವ್ಯಾಪಾರಿ ನನಗಿನ್ನೂ ಸಿಕ್ಕಿಲ್ಲ. ಕಾರ್ಡಿನಲ್ಲಿ ಕೊಡುವವನಿಂದ ಹೆಚ್ಚಿಗೆ ಪಡೆಯಕೂಡದೆಂಬ ಷರತ್ತು ಅವುಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಮೀರಿದವನನ್ನು ಪೊಲೀಸರು ಹಿಡಿಯುವುದಿಲ್ಲ, ನಿಜ. ಆದರೆ ಬ್ಯಾಂಕು ಯಂತ್ರವನ್ನು ಹಿಂದಕ್ಕೆ ಪಡೆಯಬಹುದು. ಹೆಚ್ಚುವರಿ ಪಡೆಯಲೇಬೇಕೆಂದಿದ್ದರೆ ಆ ಬ್ಯಾಂಕಿನಿಂದ ಲಿಖಿತ ಅನುಮತಿ ಬೇಕು. ಅನುಮತಿ ದೊರೆತರೂ ಇನ್ನೆರಡು ಕಟ್ಟುಗಳಿವೆ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಬೆಲೆಯನ್ನು ಮೀರಿ ಮಾರಕೂಡದೆಂಬುದು 2011ರ ನಿಯಮ. ಆ ಬೆಲೆಗೇ ಮಾರಿ ಮೇಲೆ ಎರಡನ್ನು ಸೇರಿಸಿದರೆ ಅದನ್ನು ಮೀರಿದಂತೆಯೇ. ಮತ್ತೊಂದು, 2017ರ ಜಿ.ಎಸ್.ಟಿ. ಕಾಯಿದೆಯ 15ನೆಯ ಕಲಮಿನಂತೆ ಮಾರುವವನು ಕೊಳ್ಳುವವನಿಂದ ಪಡೆಯುವ ಇಂಥ ಆನುಷಂಗಿಕ ವೆಚ್ಚವೂ ಸರಕಿನ ಮೌಲ್ಯಕ್ಕೇ ಸೇರುತ್ತದೆ. ಎಂದರೆ ಅದು ಬಿಲ್ಲಿನಲ್ಲಿ ಇರಲೇಬೇಕು, ತೆರಿಗೆಯನ್ನೂ ಕಟ್ಟಲೇಬೇಕು. ನನ್ನ 72 ರೂಪಾಯಿ ತಪ್ಪಿದುದು ಇಲ್ಲಿ.

ಹೊರನಾಡುಗಳಲ್ಲಿ ಒಂದೊಂದು ಕಡೆ ಒಂದೊಂದು ಬಗೆ. ಆಸ್ಟ್ರೇಲಿಯದಲ್ಲಿ 2003ರಲ್ಲಿ ಅವಕಾಶ ಕೊಟ್ಟು, ವ್ಯಾಪಾರಿಗಳು ಮನಸ್ಸಿಗೆ ಬಂದಂತೆ ಏರಿಸತೊಡಗಿದ ಮೇಲೆ, ತಗಲುವ ವೆಚ್ಚಕ್ಕಿಂತ ಹೆಚ್ಚು ಪಡೆಯಕೂಡದೆಂದು 2016ರಲ್ಲಿ ಕಾನೂನು ಮಾಡಿದರು. ಬ್ರಿಟನ್ನಿನಲ್ಲಿ 2018ರ ಜನವರಿಯಿಂದ ಜನಸಾಮಾನ್ಯರ ಕಾರ್ಡುಗಳ ಮೇಲೆ ಅದು ನಿಷಿದ್ಧ.

ಆದರೆ ನನಗೆ ನಿಜವಾಗಿ ರುಚಿಸಿದುದು ನ್ಯೂಯಾರ್ಕಿನ ಕಥೆ. ಅಲ್ಲಿನ ಕಾನೂನು ನಗದಿಗೆ ರಿಯಾಯಿತಿ ಕೊಡುವುದನ್ನು ಒಪ್ಪುತ್ತಿತ್ತು, ಕಾರ್ಡಿಗೆ ಹೆಚ್ಚುವರಿ ಹಾಕುವುದನ್ನು ಒಪ್ಪುತ್ತಿರಲಿಲ್ಲ. ನೂರೆರಡು ಎಂದು ಬರೆದು ನಗದಿಗೆ ಎರಡು ಕಳೆದರೆ ಸರಿ. ನೂರು ಎಂದು ಬರೆದು ಕಾರ್ಡಿಗೆ ಎರಡು ಕೂಡಿಸಿದರೆ ತಪ್ಪು. ಲೆಕ್ಕ ಒಂದೇ, ಮಾತು ಬೇರೆ! ಒಂದು ಕೇಶಾಲಂಕಾರದ ಅಂಗಡಿಯವರೂ ಇತರ ಕೆಲವರೂ ಇದನ್ನು ಪ್ರಶ್ನಿಸಿದರು. 2017ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು, ಈ ಕಾನೂನು ನಿಯಂತ್ರಿಸುತ್ತಿರುವುದು ಬೆಲೆಯನ್ನಲ್ಲ, ಬೆಲೆಯನ್ನು ಹೇಳುವ ಮಾತನ್ನು ಎಂದು ಕಂಡು, ಮೊಕದ್ದಮೆಯನ್ನು ಕೆಳಗಿನ ನ್ಯಾಯಾಲಯಕ್ಕೆ ಮರಳಿಸಿತು. 2024ರ ಫೆಬ್ರವರಿಯಿಂದ ಅಲ್ಲಿ ಹೊಸ ನಿಯಮ: ಕಾರ್ಡಿನ ಪೂರ್ಣ ಬೆಲೆಯನ್ನು ಮೊದಲೇ ಬರೆದಿರಬೇಕು, ಹೆಚ್ಚುವರಿಯು ನಿಜವಾದ ವೆಚ್ಚವನ್ನು ಮೀರಬಾರದು. ಜೀವಮಾನವೆಲ್ಲ ಪದಗಳ ಅರ್ಥವ್ಯತ್ಯಾಸಗಳನ್ನು ಪಾಠ ಹೇಳಿದ ನಾನು ನ್ಯಾಯಾಧೀಶರೂ ಅದೇ ಕೆಲಸ ಮಾಡುತ್ತಿರುವುದನ್ನು ಕಂಡು ಹಿಗ್ಗಿದೆನೆಂದು ಒಪ್ಪಿಕೊಳ್ಳುತ್ತೇನೆ.

ಈ ವ್ಯತ್ಯಾಸ ಕೇವಲ ಮಾತಿನದೆಂದು ತಳ್ಳಿಹಾಕುವಂತಿಲ್ಲ. ಶಿಷ್ಯನ ಅಂಗಡಿಯಲ್ಲಿ ಅಂದು ನನ್ನ ಪಕ್ಕದಲ್ಲಿ ಕೂಲಿಯ ಹೆಂಗಸೊಬ್ಬಳು ಮಗನಿಗೆ ಅಂಗಿ ಕೊಳ್ಳುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದಳು. ವ್ಯಾಪಾರಿ ಕಾರ್ಡಿನ ವೆಚ್ಚವನ್ನು ಸದ್ದಿಲ್ಲದೆ ಎಲ್ಲ ಸರಕಿನ ದರಕ್ಕೂ ಸೇರಿಸಿಬಿಟ್ಟರೆ—ಕಾನೂನಿನ ತಕರಾರಿಲ್ಲದ ದಾರಿ ಅದೇ, ದೊಡ್ಡ ಅಂಗಡಿಗಳಲ್ಲಿ ನಡೆಯುವುದೂ ಅದೇ—ಆ ಹೆಂಗಸೂ ಅದನ್ನು ತೆರುತ್ತಾಳೆ. ನನ್ನ ಬ್ಯಾಂಕು ನನಗೆ ಬಹುಮಾನದ ಅಂಕಗಳನ್ನು ಕೊಡುತ್ತದೆ. ಹೋದ ವರ್ಷ ಅವುಗಳಿಂದ ಒಂದು ಚಹದ ಫ್ಲಾಸ್ಕು ತರಿಸಿ ಬಿಟ್ಟಿ ಬಂತೆಂದು ಮನೆಯಲ್ಲಿ ಹೇಳಿಕೊಂಡಿದ್ದೆ. ಅಂಥ ಹೆಂಗಸರ ಗಂಟಿನ ಚೂರುಗಳೂ ಅದರಲ್ಲಿ ಸೇರಿವೆಯೆಂದು ಈಗ ಅನಿಸುತ್ತಿದೆ.

ಆದುದರಿಂದ ಶಿಷ್ಯನಿಗೆ ನಾನು ಹೇಳಿದುದು ಇಷ್ಟು. ಕಾರ್ಡಿನ ವೆಚ್ಚವನ್ನು ಒಳಗೊಂಡ ದರವನ್ನು ಚೀಟಿಯಲ್ಲಿ ಬರೆ. ಗರಿಷ್ಠ ಬೆಲೆ ಅಚ್ಚಾಗಿರುವಲ್ಲಿ ಅದನ್ನು ದಾಟಬೇಡ. ನಗದು ಕೊಡುವವರಿಗೂ ಖಾತೆಯಿಂದ ನೇರವಾಗಿ ಯುಪಿಐ ಮಾಡುವವರಿಗೂ ನೂರಕ್ಕೆ ಎರಡು ಬಿಡು. ಬಿಟ್ಟುದನ್ನು ಬಿಲ್ಲಿನಲ್ಲೇ ತೋರಿಸು. "ಇದೂ ಅದೇ ಆಯ್ತಲ್ಲ ಸಾರ್?" ಎಂದ. ಅದೇ ಅಲ್ಲ. ಒಳಗೆ ಬರುವಾಗ ಗಿರಾಕಿ ಓದುವ ದರಕ್ಕಿಂತ ಕೊನೆಯಲ್ಲಿ ಕೊಡುವ ಹಣ ಕಡಿಮೆಯಾದೀತೇ ಹೊರತು ಹೆಚ್ಚಾಗುವುದಿಲ್ಲ. ನಗದೆಂದರೆ ಬಿಲ್ಲಿಲ್ಲದ ವ್ಯಾಪಾರವಲ್ಲವೆಂದೂ ಎಚ್ಚರಿಸಿದೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ತೆರಿಗೆ ಇಲಾಖೆಯ ನೋಟೀಸು ಬಂದಾಗ ಬೆಂಗಳೂರಿನ ಸಣ್ಣ ಅಂಗಡಿಗಳಲ್ಲಿ ಯುಪಿಐ ಬೇಡವೆಂಬ ಫಲಕಗಳು ಎದ್ದುದು ಆತನಿಗೂ ನೆನಪಿತ್ತು.

ಫಲಕದ ಮಾತಿಗೆ ನಾನು 'ಸೋಡಿ' ಎಂಬ ಹಳೆಯ ಪದವನ್ನು ಸೂಚಿಸಿದೆ. ನಮ್ಮ ತಂದೆಯವರ ಕಾಲದ ಲೆಕ್ಕದ ಪುಸ್ತಕಗಳ ಮಾತು ಅದು. ಈಗಿನ ಹುಡುಗರಿಗೆ ಅದು ತಿಳಿಯದೆಂದು ಶಿಷ್ಯ ವಾದಿಸಿದ; ರಿಯಾಯಿತಿಯೂ ಉದ್ದವಾಯಿತೆಂದ. ಕಳೆದ ವಾರ ಹೋಗಿ ನೋಡಿದೆ. ಹಳದಿ ಹಲಗೆಯ ಮೇಲೆ ದಪ್ಪಕ್ಷರದಲ್ಲಿ 'ಕ್ಯಾಶ್, ಯುಪಿಐಗೆ 2% ಡಿಸ್ಕೌಂಟ್' ಎಂದಿತ್ತು. ನನ್ನ ಮನಸ್ಸು ನೋಯದಿರಲೆಂದು ಪಕ್ಕದಲ್ಲಿ, ಕಂಸದೊಳಗೆ, ಚಿಕ್ಕದಾಗಿ 'ಸೋಡಿ' ಎಂದು ಬರೆಸಿದ್ದ.