ಲೂಪಸ್ ಮತ್ತು ಮೂತ್ರಪಿಂಡ

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಲೂಪಸ್ ವ್ಯಾಧಿಗೆ ಚೆನ್ನಾಗಿ ಒಪ್ಪುತ್ತದೆ. ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿ ಇಲ್ಲಿ ಸ್ವಂತ ಅಂಗಗಳ ಮೇಲೆಯೇ ತಿರುಗಿ ಬೀಳುತ್ತದೆ. ಹತ್ತು ಮಂದಿ ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು; ಬಹುಪಾಲು ಹೆರಿಗೆಯ ವಯಸ್ಸಿನವರು. ಕೀಲುನೋವು ತಿಳಿಯುತ್ತದೆ, ಕೆನ್ನೆಯ ಕೆಂಪು ಕಣ್ಣಿಗೆ ಬೀಳುತ್ತದೆ. ಮೂತ್ರಪಿಂಡ ಕೆಡುವುದು ಮಾತ್ರ ಮೊದಮೊದಲು ಯಾರಿಗೂ ಗೊತ್ತಾಗುವುದಿಲ್ಲ. ಅಲ್ಲಿ ನೋವಿಲ್ಲ. ಪಾದ ಊದಿಕೊಳ್ಳುವ ಹೊತ್ತಿಗೆ ಹಾನಿ ಬಹಳ ಮುಂದುವರಿದಿರಬಹುದು.

ಒಳಗಿನ ಸ್ಥಿತಿ ಖಚಿತವಾಗಿ ತಿಳಿಯಬೇಕಾದರೆ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಮೂತ್ರಪಿಂಡದ ಚೂರೊಂದನ್ನು ತೆಗೆದು ನೋಡಬೇಕು. ಇದೇ ಬಯಾಪ್ಸಿ. ಅದನ್ನು ಮೂರು ತಿಂಗಳಿಗೊಮ್ಮೆ ಮಾಡಲಾದೀತೆ? ನಡುವಣ ಕಾವಲಿಗೆ ಮೂತ್ರವೇ ಗತಿ.

ಈ ಉಪಾಯ ಹಳೆಯದು. 1827ರಲ್ಲಿ ತಮ್ಮ ಗ್ರಂಥ ಪ್ರಕಟಿಸಿದ ಲಂಡನ್ನಿನ ವೈದ್ಯ ರಿಚರ್ಡ್ ಬ್ರೈಟ್, ಚಮಚೆಯಲ್ಲಿ ಮೂತ್ರವನ್ನು ಹಿಡಿದು ಮೋಂಬತ್ತಿಯ ಮೇಲೆ ಕಾಯಿಸುತ್ತಿದ್ದರು. ಸೋರಿ ಬಂದ ಪ್ರೋಟೀನು ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ಇಂದಿನ ಬಣ್ಣ ಬದಲಿಸುವ ಪಟ್ಟಿ ಹುಡುಕುವುದೂ ಅದನ್ನೇ.

ಎಷ್ಟು ಸೋರುತ್ತಿದೆಯೆಂದು ಅಳೆಯಲು ಹಿಂದೆ ಇಡೀ 24 ಗಂಟೆಯ ಮೂತ್ರವನ್ನು ಸಂಗ್ರಹಿಸಬೇಕಾಗಿತ್ತು. ನಾನು ಶಿಕಾರಿಪುರ, ಸೊರಬಗಳಲ್ಲಿ ವೈದ್ಯವೃತ್ತಿಯಲ್ಲಿದ್ದಾಗ ಇದರ ಸಂಕಟವನ್ನು ಕಂಡಿದ್ದೇನೆ. ಸೊರಬದ ಒಳಹಳ್ಳಿಯ ತಾಯಿಯೊಬ್ಬಳು, "ಬಸ್ಸಿನಲ್ಲಿ ಪಕ್ಕದವರು ಕ್ಯಾನಿನಲ್ಲಿ ಏನಿದೆ ಅಂದರೆ ಏನು ಹೇಳ್ಲಿ ಡಾಕ್ಟ್ರೇ?" ಎಂದು ಕೇಳಿದ್ದಳು. ಜೊತೆಗೆ ಮಗಳು ತಲೆತಗ್ಗಿಸಿ ನಿಂತಿದ್ದಳು. ಮದುವೆಯ ಮಾತು ನಡೆಯುತ್ತಿದ್ದ ಹುಡುಗಿ. ಶಿರಾಳಕೊಪ್ಪ, ಶಿಕಾರಿಪುರ ದಾಟಿ ಶಿವಮೊಗ್ಗೆಯವರೆಗೆ ಆ ಕ್ಯಾನನ್ನು ಹೊರುವುದು ಸಣ್ಣ ಮಾತೇನಲ್ಲ.

ಈಗ ಒಂದು ಸಲದ ಮೂತ್ರ ಸಾಕು. ಮುಂಜಾನೆಯ ಮೊದಲನೆಯದಾದರೆ ಒಳ್ಳೆಯದು. ಕ್ರಿಯಾಟಿನಿನ್ ಎಂಬ ವಸ್ತು ದಿನವೂ ಹೆಚ್ಚುಕಡಮೆ ಒಂದೇ ಪ್ರಮಾಣದಲ್ಲಿ ಹೊರಹೋಗುವುದರಿಂದ, ಪ್ರೋಟೀನನ್ನು ಅದರೊಡನೆ ಹೋಲಿಸಿ ದಿನದ ಸೋರಿಕೆಯನ್ನು ಅಂದಾಜು ಮಾಡುತ್ತಾರೆ. ಅದು ದಿನಕ್ಕೆ ಅರ್ಧ ಗ್ರಾಂ ಮೀರಿದರೆ ಬಯಾಪ್ಸಿಯ ಯೋಚನೆ ಬರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕೆಂಪು ರಕ್ತಕಣಗಳು ಕಂಡರೆ ಅದೂ ಎಚ್ಚರಿಕೆಯೇ. ಉರಿಯೂತದ ಸುಳಿವು ಕೊಡುವ ಬೇರೆ ಪ್ರೋಟೀನುಗಳನ್ನು ಮೂತ್ರದಲ್ಲಿ ಹುಡುಕುವ ಸಂಶೋಧನೆ ಹಲವೆಡೆ ನಡೆದಿದೆ. ಭರವಸೆಯ ಸಂಗತಿ, ಆದರೆ ಬಯಾಪ್ಸಿಯ ಸ್ಥಾನವನ್ನು ಅವು ಇನ್ನೂ ತುಂಬಿಲ್ಲ. ವ್ಯಾಧಿ ಯಾವ ಬಗೆಯದೆಂದು ಹೇಳುವುದು ಇಂದಿಗೂ ಆ ಚೂರೇ.

ಆದ್ದರಿಂದ ಲೂಪಸ್ ಇರುವವರು ಕೀಲುನೋವು ಇಳಿದಿದ್ದರೂ ಮೂತ್ರವನ್ನೂ ರಕ್ತದೊತ್ತಡವನ್ನೂ ವೈದ್ಯರು ಹೇಳಿದ ಅವಧಿಗೆ ತಪ್ಪದೆ ನೋಡಿಸಿಕೊಳ್ಳಬೇಕು. ಗರ್ಭಿಣಿಯಾಗುವ ಮೊದಲಂತೂ ಖಂಡಿತ. ಮುಟ್ಟಿನ ದಿನಗಳಲ್ಲಿ ಪರೀಕ್ಷೆಗೆ ಕೊಡಬೇಡಿ. ಆ ರಕ್ತ ಬೆರೆತರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಸಂಕೋಚ ಬಿಟ್ಟು ಪ್ರಯೋಗಾಲಯದವರಿಗೆ ಹೇಳಿ, ಒಂದು ವಾರ ಬಿಟ್ಟು ಹೋಗಿ.